ನಾನೇ ಮಾಡಿಸಿಕೊಟ್ಟ ಲೈಸೆನ್ಸ್

ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ ನನ್ನ ಆಫೀಸು. ಖಾನಾವಳಿ ಇಡುವವರು, ಅಕ್ಕಿ ಗಿರಣಿ ಹಾಕುವವರು, ಟೈಲರಿಂಗ್ ಕಲಿಸುವವರು, ಯಾವುದೇ ಧಂದೆ ಶುರುಮಾಡುವವರು ಮೊದಲು ನನ್ನ ಮೆಟ್ಟಿಲು ಹತ್ತುತ್ತಾರೆ. ಅವರಿಗೆ ಬೇಕಾದ ನೋಂದಣಿ, ಪರವಾನಗಿ, ನವೀಕರಣ ಇವನ್ನೆಲ್ಲ ಮಾಡಿಸಿಕೊಡುವುದು ನನ್ನ ಕೆಲಸ. ಬಿ.ಕಾಂ. ಓದಿದವನು, ಕಾನೂನಿನ ಭಾಷೆ ತಿಳಿಯುತ್ತದೆ, ಯಾವ ಅರ್ಜಿ ಯಾವ ಮೇಜಿನ ಮೇಲೆ ನಿಲ್ಲುತ್ತದೆ ಎನ್ನುವುದೂ ತಿಳಿಯುತ್ತದೆ. ನನ್ನ ಊರು ಇರಕಲ್ಲಗಡದಲ್ಲಿ ಈಗಲೂ ನನ್ನನ್ನು ಲೈಸೆನ್ಸ್ ಸರ ಅಂತಲೇ ಕರೆಯುತ್ತಾರೆ. ಆ ಹೆಸರು ಕೇಳಿದರೆ ಈಗ ಬೇರೆ ಕಡೆ ನೋಡುತ್ತೇನೆ.

ನಮ್ಮ ಕಡೆ ಹೊಸ ಅಂಗಡಿಯ ಪೂಜೆಗೆ ಲೈಸೆನ್ಸ್ ಬೇಕೇ ಬೇಕು. ಅಧಿಕಾರಿ ಬಂದು ಕೇಳುತ್ತಾನೆ ಅಂತಲ್ಲ, ದೇವರ ಮುಂದೆ ಇಡಲಿಕ್ಕೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಲಕ್ಷ್ಮಿಯ ಫೋಟೋದ ಪಕ್ಕದಲ್ಲಿಟ್ಟು, ಗಾಜಿನ ಮೇಲೆ ವಿಭೂತಿ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ ಕಾಯಿ ಒಡೆಯುತ್ತಾರೆ. ಕುಂಕುಮ ಬಿದ್ದ ಮೇಲೆ ಆ ಕಾಗದವನ್ನು ಯಾರೂ ಓದುವುದಿಲ್ಲ. ಗೋಡೆಯ ಮೇಲೆ ಸರಕಾರದ ಮುದ್ರೆ ಕಂಡರೆ ಸಾಕು, ಬಂದವರು ಸಮಾಧಾನಪಡುತ್ತಾರೆ. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಇದರಿಂದ ನನ್ನ ಕೆಲಸ ಹಗುರಾಗುತ್ತಿತ್ತು ಎನ್ನುವುದೂ ಗೊತ್ತಿತ್ತು.

ಕಾರ್ಖಾನೆಗಳಿಗೆ ಕಾವಲುಗಾರರನ್ನೂ ಕ್ಯಾಂಟೀನಿನ ಆಳುಗಳನ್ನೂ ಕೊಡುತ್ತಿದ್ದ ಒಬ್ಬ ಏಜೆನ್ಸಿ ಮಾಲೀಕರು ನನ್ನ ಹಳೆಯ ಗಿರಾಕಿ. ನಗುಮುಖದ ಮನುಷ್ಯ. ಒಂದು ದಿನ ಅವರು ಬಂದು, ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವ ಸೇವೆ ಶುರುಮಾಡುತ್ತೇನೆ, ಕಾಗದಪತ್ರ ಮಾಡಿಕೊಡಿ ಅಂದರು. ಜನ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.

"ಗೇಟ್ ಕಾಯೋರು ಮುದುಕರನ್ನ ಕಾಯೂದಿಲ್ಲೇನ್ರಿ ಸರ? ಗೇಟೂ ಓಡಿ ಹೋಗೂದಿಲ್ಲ, ಮುದುಕರೂ ಓಡಿ ಹೋಗೂದಿಲ್ಲ" ಎಂದು ನಕ್ಕರು. ನಾನೂ ನಕ್ಕೆ.

ಯಾವ ಯಾವ ಸೇವೆ ಕೊಡುತ್ತೀರಿ ಎಂದು ಕೇಳಿ ಬರೆದುಕೊಂಡೆ. ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ಕೈಹಿಡಿದು ನಡೆಸುವುದು, ಜೊತೆಗೆ ಕೂತು ಮಾತಾಡುವುದು. ಅದರ ಹಿಂದೆಯೇ ಮೂಗಿನ ನಳಿಗೆಯಲ್ಲಿ ಊಟ ಹಾಕುವುದು, ಇಂಜೆಕ್ಷನ್, ಹಾಸಿಗೆ ಹುಣ್ಣಿಗೆ ಪಟ್ಟಿ ಕಟ್ಟುವುದು. ಇಲ್ಲಿ ಪೆನ್ನು ನಿಲ್ಲಿಸಿದ್ದು ನೆನಪಿದೆ. ಮೊದಲಿನವು ಮನೆಯ ಮಂದಿ ಮಾಡುವ ಕೆಲಸ. ಕೊನೆಯವು ನರ್ಸ್ ಮಾಡುವ ಕೆಲಸ. ಈ ಎರಡರ ನಡುವೆ ಒಂದು ಗೆರೆ ಇದೆ, ಮತ್ತು ಆ ಗೆರೆ ದಾಟಿದರೆ ಇಲಾಖೆಯೇ ಬದಲಾಗುತ್ತದೆ.

ಅವರಿಗೆ ಎರಡು ದಾರಿ ವಿವರಿಸಿದೆ. ಒಂದು, ನಗರಸಭೆಯ ಉದ್ದಿಮೆ ಪರವಾನಗಿ, ಜೊತೆಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ ಅಂತ ನೋಂದಣಿ. ಉದ್ದಿಮೆಯ ಸ್ವರೂಪ ಎನ್ನುವ ಕಡೆ 'ಮಾನವ ಸಂಪನ್ಮೂಲ ಪೂರೈಕೆ' ಎಂದು ಬರೆದರೆ ಬೇಗ ಸಿಗುತ್ತದೆ. ಇನ್ನೊಂದು, ಆರೋಗ್ಯ ಇಲಾಖೆಯಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆ ಅಂತ ನೋಂದಣಿ. ಅದಕ್ಕೆ ಹೊಣೆ ಹೊರುವ ಡಾಕ್ಟರು ಯಾರು, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರಿರುವ ನರ್ಸುಗಳು ಯಾರು ಎಂದು ತೋರಿಸಬೇಕು. ಬಳಸಿದ ಸೂಜಿ, ಸಿರಿಂಜು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೂ ಕರಾರು ಬೇಕು. ತಪಾಸಣೆಗೆ ಬರುತ್ತಾರೆ. ಮನೆಗೆ ಹೋಗಿ ಕೊಡುವ ಸೇವೆಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ನಿಯಮದಲ್ಲಿ ಅಷ್ಟು ಬಿಡಿಸಿ ಬರೆದಿಲ್ಲ, ಇಲಾಖೆಗೆ ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು ಅಂತಲೂ ಹೇಳಿದೆ.

"ಬಸವ ಜಯಂತಿಗೆ ಪೂಜಿ ಇಟ್ಟೀನ್ರಿ ಸರ. ಬ್ಯಾನರ್ ಹೊಡಿಸಿ ಆಗೈತಿ, ಸ್ವಾಮಿಗಳಿಗೆ ಹೇಳಿ ಆಗೈತಿ. ಏನರ ಮಾಡ್ರಿ" ಅಂದರು.

"ಸದ್ಯಕ್ಕ ಮೊದಲನೇದು ಮಾಡೂಣ್ರಿ. ಎರಡನೇದು ಆಮ್ಯಾಲ ನೋಡೂಣು."

ಈ ಮಾತು ಅವರದಲ್ಲ, ನನ್ನದು. ಎರಡನೆಯದು ಸಿಗುವವರೆಗೆ ನಳಿಗೆ, ಸೂಜಿಯ ಕೇಸು ಹಿಡಿಯಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದೆ. ಅವರು ತಲೆ ಆಡಿಸಿದರು. ಯಾರೂ ಅದನ್ನು ಎಲ್ಲಿಯೂ ಬರೆಯಲಿಲ್ಲ.

ಪೂಜೆಯ ದಿನ ನನಗೆ ಶಾಲು ಹೊದಿಸಿದರು. ಕಟ್ಟು ಹಾಕಿಸಿದ ಪ್ರಮಾಣಪತ್ರವನ್ನು ನನ್ನ ಕೈಯಿಂದಲೇ ಮಾಲೀಕರಿಗೆ ಕೊಡಿಸಿ ಫೋಟೋ ತೆಗೆದರು. ಹಿಂದಿನ ಬ್ಯಾನರಿನಲ್ಲಿ 'ಸರಕಾರದಿಂದ ಪರವಾನಗಿ ಪಡೆದ ಹಿರಿಯರ ಆರೈಕೆ ಮತ್ತು ನರ್ಸಿಂಗ್ ಸೇವೆ' ಎಂದಿತ್ತು. ನಾನು ಓದಿದೆ. 'ನರ್ಸಿಂಗ್' ಎನ್ನುವ ಶಬ್ದದ ಮೇಲೆ ಕಣ್ಣು ನಿಂತಿತು. ಆಮೇಲೆ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು ಬಂದೆ. ಎರಡನೆಯ ಅರ್ಜಿಯ ಬಗ್ಗೆ ಮಾಲೀಕರು ಮತ್ತೆ ಕೇಳಲಿಲ್ಲ, ನಾನು ನೆನಪಿಸಲಿಲ್ಲ.

ಆ ಫೋಟೋ ಏಜೆನ್ಸಿಯ ಕರಪತ್ರದಲ್ಲಿ ಅಚ್ಚಾಯಿತು. ಅದನ್ನು ಹಿಡಿದುಕೊಂಡೇ ಅಕ್ಕೋರು ನನ್ನ ಆಫೀಸಿಗೆ ಬಂದರು.

ಅಕ್ಕೋರು ಅಂದರೆ ಸಾಲಿ ಕಲಿಸುವವರು. ಮೊದಲು ನಮ್ಮ ಊರಿನ ಶಾಲೆಯಲ್ಲಿದ್ದರು, ಈಗ ಕುಷ್ಟಗಿಯಲ್ಲಿ ಮನೆ. ಅವರ ಆದಾಯ ತೆರಿಗೆಯ ಲೆಕ್ಕ ಪ್ರತಿ ವರ್ಷ ನಾನೇ ಸಲ್ಲಿಸುವುದು. ತಂದೆಗೆ ಪಾರ್ಶ್ವವಾಯು ಹೊಡೆದಿತ್ತು. ನುಂಗಲು ಬರುವುದಿಲ್ಲವೆಂದು ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಶಾಲೆಯ ರಜೆ ಮುಗಿಯುತ್ತ ಬಂದಿತ್ತು. ಹಗಲು ಹೊತ್ತು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಕರಪತ್ರವನ್ನು ಮೇಜಿನ ಮೇಲಿಟ್ಟು ಕೇಳಿದರು:

"ಸರ, ಇವರದು ಸರಕಾರದ ಲೈಸೆನ್ಸ್ ಖರೇ ಐತ್ರಿ?"

"ಐತ್ರಿ ಅಕ್ಕೋರ. ನಾನ ಮಾಡಿಸಿಕೊಟ್ಟೀನಿ."

"ನಳಿಗಿ ಐತ್ರಿ ಅಪ್ಪಗ. ಅದೆಲ್ಲಾ ಮಾಡಾಕ ಬರ್ತೈತೇನ್ರಿ ಅವರಿಗೆ?"

"ಟ್ರೇನಿಂಗ್ ಆದೋರನ್ನ ಕಳಸ್ತಾರ್ರಿ. ಚಿಂತಿ ಮಾಡಬ್ಯಾಡ್ರಿ."

ಈ ನಾಲ್ಕು ಸಾಲು ನನ್ನ ತಲೆಯಲ್ಲಿ ಎಷ್ಟು ಸಲ ತಿರುಗಿದೆಯೋ ಲೆಕ್ಕವಿಲ್ಲ. ಮೊದಲ ಉತ್ತರದಲ್ಲಿ ಸುಳ್ಳಿಲ್ಲ. ಲೈಸೆನ್ಸ್ ಇತ್ತು, ನಾನೇ ಮಾಡಿಸಿದ್ದೆ. ಆದರೆ ಅವರು ಕೇಳಿದ್ದು ಕಾಗದ ಇದೆಯೇ ಅಂತಲ್ಲ, ಅಪ್ಪನನ್ನು ಇವರ ಕೈಗೆ ಕೊಡಬಹುದೇ ಅಂತ. ಅದು ನನಗೆ ತಿಳಿದಿತ್ತು. ಲೈಸೆನ್ಸ್ ಯಾವುದಕ್ಕೆ ಎಂದು ಅವರು ಕೇಳಲಿಲ್ಲ, ಕೇಳಬೇಕೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಕೇಳದಿದ್ದರೂ ಹೇಳಬೇಕಾದವನು ನಾನು. ಎರಡನೆಯ ಉತ್ತರ ಮಾತ್ರ ಶುದ್ಧ ಸುಳ್ಳು. ಯಾರಿಗೆ ಏನು ತರಬೇತಿ ಆಗಿದೆ ಎಂದು ನಾನು ಒಂದು ಸಲವೂ ವಿಚಾರಿಸಿರಲಿಲ್ಲ.

ಏಜೆನ್ಸಿಯವರು ಮೊದಲು ಕಳಿಸಿದ ಹೆಂಗಸು ಗಂಗಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಕೆಲಸ ಸುಸೂತ್ರವಾಗಿ ನಡೆಯಿತು. ಪಿಂಚಣಿಯ ಕಾಗದಕ್ಕಾಗಿ ನಾನು ಒಮ್ಮೆ ಕುಷ್ಟಗಿಗೆ ಹೋದಾಗ ಅಕ್ಕೋರು ಚಹಾ ಕೊಟ್ಟು, ನಿಮ್ಮಿಂದ ಭಾಳ ಉಪಕಾರ ಆತು ಅಂದರು. ನಾನು ಅದನ್ನು ಬೇಡ ಅನ್ನಲಿಲ್ಲ.

ಅವರ ತಂದೆಯನ್ನು, ಅಂದರೆ ಅಜ್ಜನನ್ನು, ಮೊದಲು ಕಂಡದ್ದು ಅಂದೇ. ಕುಷ್ಟಗಿ ಡಿಪೋದಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಎಡಗೈ ಎಡಗಾಲು ಬಿದ್ದಿದ್ದವು, ಮಾತು ತೊದಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕಣ್ಣು ಮಾತ್ರ ಸೀಟು ಎಣಿಸುವ ಹಾಗೆ ಕೋಣೆಯ ತುಂಬ ಓಡಾಡುತ್ತಿದ್ದವು. ಬಲಗೈಯಲ್ಲೊಂದು ದಪ್ಪ ತಾಮ್ರದ ಉಂಗುರ. ಅದರಿಂದ ಮಂಚದ ಕಬ್ಬಿಣದ ಸರಳಿಗೆ ಬಡಿದೇ ಅವರು ಮಾತಾಡುವುದು.

"ಅಪ್ಪಂದು ಕಂಡಕ್ಟರ್ ಸೀಟಿ ಇದು, ಸರ" ಎಂದು ಅಕ್ಕೋರು ನಕ್ಕು ವಿವರಿಸಿದರು. "ಎರಡು ಬಡದ್ರ ಹೋಗಲಿ ಅಂತ. ಒಂದ ಬಡದ್ರ ನಿಲ್ಲಸು. ಒಂದ ಬಡದಾಗ ನಿಲ್ಲಲಿಲ್ಲಂದ್ರ ಭಾಳ ಸಿಟ್ಟು ಬರ್ತೈತಿ ಅವರಿಗೆ."

ಅಜ್ಜ ನನ್ನ ಕಡೆ ನೋಡಿ ಎರಡು ಬಡಿದರು. ಬಸ್ಸಿನೊಳಗೆ ಹತ್ತಿಸಿಕೊಂಡ ಹಾಗಾಯಿತು.

ಕೆಲವು ವಾರಗಳ ನಂತರ ಪಿಂಚಣಿಗೆ ಅಜ್ಜನ ಜೀವಿತ ಪ್ರಮಾಣ ಪತ್ರ ಸಲ್ಲಿಸಬೇಕಾಯಿತು. ಮನುಷ್ಯ ಬದುಕಿದ್ದಾನೆ ಎಂದು ಬೆರಳಚ್ಚು ಕೊಟ್ಟು ತೋರಿಸುವ ಕಾಗದ ಅದು. ಬೆರಳಚ್ಚಿನ ಯಂತ್ರ, ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕುಷ್ಟಗಿಯ ಬಸ್ಸು ಹತ್ತಿದೆ. ಅಕ್ಕೋರು ಶಾಲೆಗೆ ಹೊರಟು ನಿಂತಿದ್ದರು. ಮೊದಲಿನ ಹೆಂಗಸು ಸಂಬಂಧಿಕರ ಮದುವೆಗೆ ಹೋಗಿದ್ದಾಳೆ, ಬದಲಿಗೆ ಇವಳನ್ನು ಕಳಿಸಿದ್ದಾರೆ ಎಂದು ಒಬ್ಬಳನ್ನು ತೋರಿಸಿದರು. ಯಲಬುರ್ಗಾ ಕಡೆಯ ಮಂಗಳೂರು ಎನ್ನುವ ಹಳ್ಳಿಯವಳು. ಮೂವತ್ತರ ಆಸುಪಾಸು ಇರಬೇಕು. ಗಾಬರಿಯಿಂದಲೋ ಮರ್ಯಾದೆಯಿಂದಲೋ ಗೋಡೆಗೆ ಅಂಟಿ ನಿಂತಿದ್ದಳು.

"ನೀವು ಇರ್ತೀರಲ್ಲ ಸರ, ನನಗ ಧೈರ್ಯ. ಮಧ್ಯಾಹ್ನಕ್ಕ ಬರ್ತೀನಿ" ಎಂದು ಹೇಳಿ ಅಕ್ಕೋರು ಹೋದರು.

ಹಿಂದೆ ಏನು ಕೆಲಸ ಮಾಡುತ್ತಿದ್ದೆ ಎಂದು ಆ ಹೆಂಗಸನ್ನು ಸುಮ್ಮನೆ ಕೇಳಿದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಮಾಡುತ್ತಿದ್ದೆ ಅಂದಳು. ನಳಿಗೆಯಲ್ಲಿ ಊಟ ಹಾಕುವುದನ್ನು ಎಲ್ಲಿ ಕಲಿತೆ ಅಂದೆ. "ಸಾಹೇಬ್ರು ಫೋನಿನ್ಯಾಗ ವಿಡಿಯೋ ತೋರಿಸ್ಯಾರ್ರಿ" ಅಂದಳು. ಆ ಹೊತ್ತಿಗೇ ಅಕ್ಕೋರಿಗೆ ಫೋನು ಮಾಡಿ ಕರೆಸಬೇಕಾಗಿತ್ತು. ನಾನು ಚೀಲ ಬಿಚ್ಚಿ ಯಂತ್ರಕ್ಕೆ ವೈರು ಸಿಕ್ಕಿಸಿದೆ.

ಮಂಚ ಆಸ್ಪತ್ರೆಯ ತರಹದ್ದು. ಕಾಲ ಕಡೆಯ ಹಿಡಿಕೆ ತಿರುವಿದರೆ ತಲೆಯ ಭಾಗ ಏಳುತ್ತದೆ, ಇಳಿಯುತ್ತದೆ. ಅಜ್ಜ ಯಾವಾಗಲೂ ಅರ್ಧ ಕೂತ ಹಾಗೆ ಒರಗಿರುತ್ತಿದ್ದರು. ನಳಿಗೆ ಇದ್ದವರನ್ನು, ಅದೂ ಊಟ ಹಾಕುವಾಗ, ಹಾಗೆಯೇ ಇಡಬೇಕು ಎಂದು ಆಮೇಲೆ ತಿಳಿಯಿತು. ಅವರ ಕೈ ಸ್ಟೂಲಿನ ಮೇಲಿನ ಯಂತ್ರಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ನಾನೇ ಆ ಹೆಂಗಸಿಗೆ ಮಂಚ ಇಳಿಸಲು ಹೇಳಿದೆ. ಅವಳು ಹಿಡಿಕೆ ತಿರುವಿ ಪೂರ್ತಿ ಸಮ ಮಾಡಿದಳು. ಅಜ್ಜ ಅಂಗಾತ ಮಲಗಿದರು.

ಬೆರಳಚ್ಚು ಬೀಳಲಿಲ್ಲ. ಟಿಕೆಟ್ ಹರಿದು ಹರಿದು ಹೆಬ್ಬೆರಳಿನ ಗೆರೆಗಳೇ ಸವೆದಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದೆ, ಎಣ್ಣೆ ಹಚ್ಚಿ ಒರೆಸಿದೆ, ಬೇರೆ ಬೆರಳು ಇಡಿಸಿದೆ. ಈ ಎಳೆದಾಟದಲ್ಲಿ ಅಜ್ಜನಿಗೆ ಕೆಮ್ಮು ಬಂತು. ಮೂಗಿನ ಮೇಲಿನ ಪಟ್ಟಿ ಬಿಚ್ಚಿಕೊಂಡು ನಳಿಗೆ ಒಂದಿಷ್ಟು ಹೊರಗೆ ಸರಿಯಿತು. ಆ ಹೆಂಗಸು ಅದನ್ನು ಬೆರಳಿನಿಂದ ಒಳಗೆ ತಳ್ಳಿ ಪಟ್ಟಿ ಅಂಟಿಸಿದಳು. ನಾನು ಎದುರಿಗೇ ಕೂತು ನೋಡಿದೆ. ನಳಿಗೆಯ ಮೇಲೆ ಎಷ್ಟು ಒಳಗಿರಬೇಕು ಎನ್ನುವ ಗುರುತು ಇರುತ್ತದೆ, ಸರಿದರೆ ನರ್ಸ್ ಬಂದು ಅದು ಹೊಟ್ಟೆಯಲ್ಲೇ ಇದೆಯೋ ಇಲ್ಲವೋ ನೋಡಿದ ಮೇಲೆಯೇ ಏನನ್ನಾದರೂ ಹಾಕಬೇಕು. ಅವಳಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿರುವವರೇ ಮಾಡಬೇಕು ಎನ್ನುವ ಕಾನೂನು ಇದೆ ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

ಬೆರಳು ಬಿಟ್ಟು ಮುಖದ ಫೋಟೋದಿಂದ ಮಾಡೋಣ ಎಂದು ಶುರುಮಾಡಿದೆ. ಅದಕ್ಕೆ ಅಕ್ಕೋರ ಫೋನಿಗೆ ಓಟಿಪಿ ಹೋಗುತ್ತದೆ. ಒಳಗೆ ಸಿಗ್ನಲ್ ಸಿಗದೆ ಪಡಸಾಲೆಗೆ ಬಂದು ಅವರಿಗೆ ಫೋನು ಹಚ್ಚಿದೆ. ಅವರು ಪಾಠದಲ್ಲಿದ್ದರು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಬೆನ್ನ ಹಿಂದೆ ಊಟದ ಹೊತ್ತಾತ್ರಿ ಎಂದು ಹೆಂಗಸು ಹೇಳಿದ್ದು ಕೇಳಿಸಿತು. ಹೂಂ ಅಂದೆ. ಮಂಚ ಮೇಲೆ ಮಾಡು ಅನ್ನಲಿಲ್ಲ. ನೆನಪೇ ಆಗಲಿಲ್ಲ.

ಟಣ್ ಎಂದು ಒಂದು ಸದ್ದು ಬಂತು.

ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೆ ಒಂದು. ಎರಡೆರಡಾಗಿ ಅಲ್ಲ, ಒಂದೊಂದೇ. ನನಗೆ ಸ್ಪಷ್ಟವಾಗಿ ಕೇಳಿಸಿತು. ಅದರ ಅರ್ಥವೂ ತಿಳಿಯಿತು. ಅಜ್ಜನಿಗೆ ಈ ಬೆರಳು, ಫೋಟೋದ ಕಾಟ ಸಾಕಾಗಿದೆ, ಅದನ್ನು ನಿಲ್ಲಿಸು ಅನ್ನುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡದೆಯೇ ಕೂಗಿ ಹೇಳಿದೆ: "ಆತ್ರಿ ಯಜಮಾನ್ರ, ಇನ್ನೊಂದ ನಿಮಿಷ." ಅಕ್ಕೋರು ಫೋನು ಎತ್ತಿದರು. ಅವರು ಅಂಕಿ ಓದಿ ಹೇಳುತ್ತಿದ್ದರೆ ನಾನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ. ಹಿಂದೆ ಸದ್ದು ನಿಂತಿತು. ಸದ್ಯ ಸುಮ್ಮನಾದರು ಎಂದುಕೊಂಡೆ.

"ಸರ, ಇವ್ರ್ಯಾಕ ಹಿಂಗ ಮಾಡಾಕತ್ತಾರ ನೋಡ್ರಿ" ಎಂದು ಅವಳು ಕರೆದಳು.

ಒಳಗೆ ಬಂದಾಗ ಅಜ್ಜನ ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಗಂಟಲಲ್ಲಿ ನೀರು ಕುದಿಯುವ ಸದ್ದು. ಬಾಯಿಯ ಕೊನೆಯಿಂದ ರಾಗಿ ಗಂಜಿ ಇಳಿಯುತ್ತಿತ್ತು. ಅವಳ ಕೈಯಲ್ಲಿ ಸಿರಿಂಜು ಇನ್ನೂ ಎತ್ತಿ ಹಿಡಿದ ಹಾಗೇ ಇತ್ತು. ಅಜ್ಜನ ಬಲಗೈ ಸರಳಿನಿಂದ ಜಾರಿ ಕೆಳಗೆ ತೂಗುತ್ತಿತ್ತು. ಕಣ್ಣು ನನ್ನ ಮೇಲಿದ್ದವು.

108ಕ್ಕೆ ಫೋನು ಮಾಡಿದೆ. ಅತ್ತಲಿನ ದನಿ ಹೇಳಿದಂತೆ ಊಟ ನಿಲ್ಲಿಸಿ, ತಲೆಯ ಕಡೆ ಎತ್ತಿ, ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿದೆವು. ಮಂಚದ ಹಿಡಿಕೆ ನಾನೇ ತಿರುವಿದೆ. ಆ ಹೆಂಗಸು ಅಳುತ್ತಲೇ ಅಜ್ಜನ ಬಾಯಿ ಒರೆಸುತ್ತಿದ್ದಳು. ಆಂಬುಲೆನ್ಸ್ ಬಂತು. ಅದರ ಸಿಬ್ಬಂದಿ ಯಂತ್ರ ಹಾಕಿ ಗಂಟಲಿನಿಂದ ಗಂಜಿ ಎಳೆದರು, ಮೂಗಿಗೆ ಆಮ್ಲಜನಕ ಹಚ್ಚಿದರು. ಚೀಲ ತೆಗೆದುಕೊಳ್ಳಲು ಒಳಗೆ ಬಂದಾಗ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಅವಧಿ ಮುಗಿದಿದೆ, ಮತ್ತೊಮ್ಮೆ ಪ್ರಯತ್ನಿಸಿ ಎಂದು ತೋರಿಸುತ್ತಿತ್ತು.

ತಾಲ್ಲೂಕು ಆಸ್ಪತ್ರೆಯಿಂದ ಕೊಪ್ಪಳಕ್ಕೆ ಕಳಿಸಿದರು. ಗಂಜಿ ಶ್ವಾಸಕೋಶಕ್ಕೆ ಹೋಗಿದೆ, ಏನೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಅಕ್ಕೋರಿಗೆ ತಿಳಿಸಿದರು. ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ನರ್ಸ್ ಯಾರು, ಕೌನ್ಸಿಲಿನ ನೋಂದಣಿ ಇದೆಯೇ, ಯಾವ ಸಂಸ್ಥೆಯವರು ಎಂದು ಕೇಳಿದರು. ಅಕ್ಕೋರು ನನ್ನ ಕಡೆ ತಿರುಗಿದರು. ಸರಿಯಾದ ಉತ್ತರ ಕೊಡುತ್ತಾರೆ ಎಂದು ನಂಬಿ ತಿರುಗಿದ ಮುಖ ಅದು. ನಾನು ಏಜೆನ್ಸಿಯ ಹೆಸರು ಹೇಳಿದೆ, ಉಳಿದದ್ದನ್ನು ಕೇಳಿ ಹೇಳುತ್ತೇನೆ ಅಂದೆ. ಮಂಚ ಇಳಿಸಿದ್ದು ನಾನು ಎನ್ನಲಿಲ್ಲ. ಆ ಹೆಂಗಸೂ ಅನ್ನಲಿಲ್ಲ. ಕಾರಿಡಾರಿನ ಕೊನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಅವಳಿಗೆ ಮಂಚ ಇಳಿಸಿದ್ದೇ ತಪ್ಪಾಯಿತು ಎನ್ನುವುದೂ ಗೊತ್ತಿರಲಿಲ್ಲ.

ಮಾಲೀಕರು ನನ್ನ ಆಫೀಸಿಗೆ ಬಂದರು. ಈ ಸಲ ನಗು ಇರಲಿಲ್ಲ. ಎರಡು ಕೆಲಸ ಹೇಳಿದರು. ಆರೋಗ್ಯ ಇಲಾಖೆಯ ನೋಂದಣಿಗೆ ಈಗಲೇ ಅರ್ಜಿ ಹಾಕಬೇಕು. ಅದರ ಜೊತೆ ಹಿಂದಿನ ತಾರೀಖು ಹಾಕಿ ಒಂದು ಕರಾರು ತಯಾರಿಸಬೇಕು. ಏಜೆನ್ಸಿ ಕಳಿಸುವುದು ಬರೀ ಸಹಾಯಕರನ್ನು, ನಳಿಗೆ, ಸೂಜಿಯ ಕೆಲಸ ಮನೆಯವರ ಸ್ವಂತ ಹೊಣೆ ಎಂದು ಅದರಲ್ಲಿರಬೇಕು. ಅಕ್ಕೋರ ಸಹಿ ನಾನು ತರಬೇಕು.

"ಅಕ್ಕೋರು ನಿಮ್ಮ ಮಾತು ಕೇಳ್ತಾರ್ರಿ ಸರ. ತಪ್ಪು ಅಕೀ ಮಾಡ್ಯಾಳ, ಅಕೀನ್ನ ತಗದೀನಿ. ನೀವೂ ಇದರಾಗ ಅದೀರಿ, ನಾನೂ ಅದೀನಿ. ಇಬ್ಬರೂ ದಾಟಿಕೋಬೇಕಲ್ಲ?"

ನೋಡೋಣ ಅಂದೆ. ಅವರು ಮೆಟ್ಟಿಲು ಇಳಿದು ಹೋದ ಮೇಲೆ ಕಂಪ್ಯೂಟರಿನಲ್ಲಿ ಕರಾರಿನ ಹಾಳೆ ತೆರೆದೆ. ಶೀರ್ಷಿಕೆ ಬರೆದೆ, ಎರಡೂ ಕಡೆಯವರ ಹೆಸರು ಬರೆದೆ. ಇದನ್ನು ಇಲ್ಲಿ ಬಿಟ್ಟುಬಿಡಬಹುದಿತ್ತು, ಆದರೆ ಬರೆದದ್ದು ನಿಜ. ತಾರೀಖಿನ ಜಾಗದಲ್ಲಿ ಕೈ ನಿಂತಿತು. ಅಕ್ಕೋರು ಪೆನ್ನು ಹಿಡಿದು ಎಲ್ಲಿ ಸಹಿ ಮಾಡಬೇಕ್ರಿ ಸರ ಎಂದು ಕೇಳುವುದು ಕಣ್ಣಿಗೆ ಕಟ್ಟಿತು. ಅವರು ಓದುವುದಿಲ್ಲ. ನಾನು ಕೊಟ್ಟ ಕಾಗದ ಅವರು ಎಂದೂ ಓದಿದವರಲ್ಲ.

ಮರುದಿನ ಜಿಲ್ಲಾ ಆರೋಗ್ಯ ಕಚೇರಿಗೆ ಹೋದೆ. ಮೊದಲು ಪೂರ್ತಿ ಧೈರ್ಯ ಬರಲಿಲ್ಲ. ಹೊಸದಾಗಿ ಶುರುಮಾಡುವ ಒಬ್ಬ ಗಿರಾಕಿಯ ಪರವಾಗಿ ವಿಚಾರಿಸುತ್ತಿದ್ದೇನೆ ಎಂದು ಸುಳ್ಳು ಹೇಳಿ ಕೂತೆ. ನೋಂದಣಿಯ ಕೆಲಸ ನೋಡುವ ಅಧಿಕಾರಿ ಸಾವಕಾಶವಾಗಿ ಹೇಳಿದರು. ಮೈ ತೊಳೆಸುವುದಕ್ಕೆ, ಬಟ್ಟೆ ಹಾಕುವುದಕ್ಕೆ ಸಹಾಯಕರನ್ನು ಕಳಿಸಿದರೆ ಅದು ಅವರ ಇಲಾಖೆಗೆ ಬರುವುದಿಲ್ಲ. ನಳಿಗೆ, ಇಂಜೆಕ್ಷನ್, ಗಾಯದ ಕೆಲಸ ಅಂದರೆ ಕೌನ್ಸಿಲಿನಲ್ಲಿ ಹೆಸರಿರುವ ನರ್ಸ್ ಬೇಕು, ಮೇಲೆ ಒಬ್ಬ ಡಾಕ್ಟರ್ ಬೇಕು, ಅಂಥ ಸೇವೆ ಮಾರುವವರು ತಮ್ಮ ಮುಂದೆ ಬಂದು ನೋಂದಣಿಯ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ನಿಯಮದಲ್ಲಿ ಸಂದೇಹವಿದ್ದರೆ ಕೇಳಬೇಕು, ಸಂದೇಹ ಇದೆ ಎಂದು ಸೇವೆ ಶುರುಮಾಡುವುದಲ್ಲ ಅಂದರು. ಇಷ್ಟೂ ನನಗೆ ಮೊದಲೇ ತಿಳಿದಿದ್ದ ವಿಷಯ.

"ಮಂದಿ ಲೈಸೆನ್ಸ್ ಐತೇನು ಅಂತ ಕೇಳ್ತಾರ್ರಿ, ಎದರದು ಅಂತ ಕೇಳೂದಿಲ್ಲ" ಅಂದರು ಅವರು. "ನಿಮ್ಮ ಗಿರಾಕಿಗೆ ಹೇಳ್ರಿ, ಮೊದಲ ಇಲ್ಲಿ ಬಾ ಅಂತ."

ಹೇಳುತ್ತೇನೆ ಎಂದು ಎದ್ದು ಬಂದೆ. ಗೇಟಿನ ಹತ್ತಿರ ಚಹಾದ ಅಂಗಡಿ ಇದೆ. ಚಹಾ ಹೇಳಿ, ಕುಡಿಯದೆ ಹಾಗೇ ಕೂತೆ. ಬಸ್ಸೊಂದು ಬಂದು ನಿಂತಿತು. ಸೀಟಿಯ ಸದ್ದು ಒಂದೇ ಸಲ. ಜನ ಇಳಿದರು. ಎದ್ದು ಆಸ್ಪತ್ರೆಯ ಕಡೆ ನಡೆದೆ. ಕಚೇರಿಗೆ ಹೇಳುವ ಮೊದಲು ಅಕ್ಕೋರಿಗೆ ಹೇಳಬೇಕೆನಿಸಿತು.

ಅವರು ಐಸಿಯುವಿನ ಹೊರಗಿನ ಬೆಂಚಿನ ಮೇಲಿದ್ದರು. ಕೂರಲಿಲ್ಲ, ನಿಂತೇ ಹೇಳಿದೆ. ಆ ಲೈಸೆನ್ಸ್ ಆಳುಗಳನ್ನು ಕಳಿಸುವುದಕ್ಕೆ, ನರ್ಸಿಂಗಿಗೆ ಅಲ್ಲ ಎಂದೆ. ನೀವು ಕೇಳಿದ ದಿನವೇ ನನಗೆ ಗೊತ್ತಿತ್ತು ಎಂದೆ. ಮಂಚ ಇಳಿಸಲು ಹೇಳಿದವನು ನಾನು, ಆ ಹೆಂಗಸಲ್ಲ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುವುತ್ತಿದ್ದರು.

"ಅಪ್ಪ ಬಡದಿದ್ರೇನು?"

"ಬಡದ್ರಿ."

"ಎಷ್ಟು?"

"ಒಂದೊಂದ. ಭಾಳ ಸಲ."

"ನಿಮಗ ಕೇಳಿಸ್ತು?"

"ಕೇಳಿಸ್ತ್ರಿ."

ಅವರು ಎದ್ದು ಐಸಿಯುವಿನ ಬಾಗಿಲಿಗೆ ಹೋಗಿ, ಗಾಜಿನಲ್ಲಿ ಒಳಗೆ ನೋಡುತ್ತ ನಿಂತರು. ನಾನು ಇನ್ನೂ ಅಲ್ಲೇ ಇದ್ದೇನೆಂದು ತಿಳಿದಾಗ, ಹೋಗ್ರಿ ಸರ ಅಂದರು. ಬೈಗುಳ ಇರಲಿಲ್ಲ. ಆ 'ಸರ' ಎಂಬುದನ್ನು ಅವರು ಬಿಡಲಿಲ್ಲ ಎನ್ನುವುದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಅಲ್ಲಿಂದ ನೇರವಾಗಿ ಆರೋಗ್ಯ ಕಚೇರಿಗೆ ವಾಪಸು ಹೋದೆ. ಆ ಗಿರಾಕಿಯ ಕೆಲಸ ಮಾಡಿದವನು ನಾನೇ ಎಂದು ಅದೇ ಅಧಿಕಾರಿಗೆ ಹೇಳಿ ಬರೆದುಕೊಟ್ಟೆ. ನರ್ಸಿಂಗ್ ಸೇವೆಯೂ ಇದೆ ಎಂದು ತಿಳಿದೇ ಉದ್ದಿಮೆಯ ಸ್ವರೂಪವನ್ನು ನನ್ನ ಸಲಹೆಯಂತೆ ಹಾಗೆ ತುಂಬಿದ್ದು, ಬ್ಯಾನರ್ ನೋಡಿ ಸುಮ್ಮನಿದ್ದದ್ದು, ಕುಟುಂಬಕ್ಕೆ ಭರವಸೆ ಕೊಟ್ಟದ್ದು, ಅಂದು ಮನೆಯಲ್ಲಿ ನಡೆದದ್ದು, ಎಲ್ಲ. ಅಧಿಕಾರಿ ಓದಿ ಕನ್ನಡಕ ತೆಗೆದಿಟ್ಟರು. ಇದರಿಂದ ನಿಮಗೂ ತೊಂದರೆ ಬರಬಹುದು, ಗೊತ್ತೇ ಎಂದು ಕೇಳಿದರು. ಗೊತ್ತು ಅಂದೆ.

ಮಾಲೀಕರು ಫೋನು ಮಾಡಿದರು. "ಶಾಲು ಹೊದಿಸಿದ್ವಿ ನಿಮಗ" ಎಂದಷ್ಟೇ ಹೇಳಿ ಇಟ್ಟರು. ಏಜೆನ್ಸಿಗೆ ನೋಟಿಸು ಹೋಯಿತು. ನರ್ಸಿಂಗ್ ಎನ್ನುವ ಶಬ್ದ ಬೋರ್ಡಿನಿಂದ ಇಳಿಯಿತು. ವಿಚಾರಣೆ ಇನ್ನೂ ನಡೆದಿದೆ, ನನ್ನನ್ನೂ ಕರೆಯುತ್ತಾರೆ. ಮಂಗಳೂರಿನ ಆ ಹೆಂಗಸಿನ ಹೇಳಿಕೆ ತೆಗೆದುಕೊಂಡ ದಿನ ನಾನೂ ಅಲ್ಲಿದ್ದೆ. ಹೊರಗೆ ಬಂದು, ನಿನ್ನ ತಪ್ಪಿಲ್ಲ ಎಂದು ಹೇಳಲು ಹೋದೆ. ಅವಳು ಸೆರಗು ಸರಿಮಾಡಿಕೊಂಡು, "ಗಂಜಿ ಹಾಕಿದ್ದು ನಾನ ಅಲ್ಲೇನ್ರಿ" ಎಂದು ಬಸ್ಸಿನ ಕಡೆ ಹೋದಳು.

ಈಗ ಇಂಥ ವಿಷಯ ಕೇಳಿಕೊಂಡು ಯಾರಾದರೂ ಬಂದರೆ, ಆ ಸಂಸ್ಥೆಯವರ ಗೋಡೆಯ ಮೇಲಿನ ಕಟ್ಟನ್ನು ಇಳಿಸಿ, ಕುಂಕುಮ ಒರೆಸಿ ಓದಿ ಎನ್ನುತ್ತೇನೆ. ಯಾವ ಇಲಾಖೆ ಕೊಟ್ಟದ್ದು, ಯಾವ ಕೆಲಸಕ್ಕೆ ಎಂದು ಬರೆದಿದೆ, ಅದನ್ನು ನೋಡಿ. ಮನೆಗೆ ಬರುವ ನರ್ಸಿನ ಕೌನ್ಸಿಲ್ ಸಂಖ್ಯೆ ಕೇಳಿ, ಅವಳು ರಜೆ ಹಾಕಿದ ದಿನ ಬರುವವಳದ್ದನ್ನೂ ಕೇಳಿ. ಹೇಳುತ್ತೇನೆ. ಹೇಳುವಾಗ ನನ್ನ ದನಿಯಲ್ಲಿ ಜಾಣತನ ಸೇರಿಕೊಳ್ಳುತ್ತಿದೆ ಎನಿಸಿದರೆ ನಿಲ್ಲಿಸಿಬಿಡುತ್ತೇನೆ.

ಅಜ್ಜ ಉಳಿದರು. ಮೊದಲಿಗಿಂತ ಸೊರಗಿ ಮನೆಗೆ ಬಂದರು. ಆಸ್ಪತ್ರೆಯವರೇ ಗೊತ್ತುಮಾಡಿದ ನರ್ಸ್ ಈಗ ಬರುತ್ತಾರೆ. ಜೀವಿತ ಪ್ರಮಾಣ ಪತ್ರ ಸಲ್ಲಿಸುವುದು ಹಾಗೇ ಉಳಿದಿತ್ತು. ಅದನ್ನು ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಬರಲೇ ಎಂದು ಅಕ್ಕೋರಿಗೆ ಸಂದೇಶ ಕಳಿಸಿದೆ. ತುಂಬ ಹೊತ್ತಿನ ಮೇಲೆ, ಬರ್ರಿ ಎಂದು ಉತ್ತರ ಬಂತು.

ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತೆ. ಮಂಚ ಅರ್ಧ ಎದ್ದು ನಿಂತಿತ್ತು. ಅಜ್ಜ ಒರಗಿಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದರು. ಮೂಗಿನಲ್ಲಿ ನಳಿಗೆ, ಬೆರಳಿನಲ್ಲಿ ಉಂಗುರ. ಅಕ್ಕೋರು ಅವರ ಕಿವಿಯ ಹತ್ತಿರ ಬಾಗಿದರು.

"ಅಪ್ಪಾ, ಲೈಸೆನ್ಸ್ ಸರ ಬಂದಾರ. ಒಳಗ ಬರಲೇನು ಅಂತ ಕೇಳಾಕತ್ತಾರ."

ಅಜ್ಜ ನನ್ನನ್ನು ನೋಡಿದರು. ಅವತ್ತು ನೋಡಿದ ಹಾಗೆಯೇ. ಕೈ ನಿಧಾನವಾಗಿ ಎದ್ದು ಸರಳಿಗೆ ಬಡಿಯಿತು.

ಒಂದು. ನಾನು ಇನ್ನೊಂದಕ್ಕೆ ಕಾಯುತ್ತ ನಿಂತೆ. ಚೀಲದ ಪಟ್ಟಿ ಹೆಗಲನ್ನು ಒತ್ತುತ್ತಿತ್ತು. ಅಕ್ಕೋರೂ ಕಾದರು. ಅಜ್ಜನ ಕೈ ಸರಳಿನ ಮೇಲೆ ಹಾಗೇ ಇತ್ತು, ಮತ್ತೆ ಏಳಲಿಲ್ಲ.

"ಪಿಂಚಣಿ ಕಾಗದ ಅಂಚೆಯವರ ಕಡೆಯಿಂದ ಮಾಡಿಸ್ತೀನ್ರಿ" ಎಂದರು ಅಕ್ಕೋರು.

ನಾನು ಚಪ್ಪಲಿ ಮೆಟ್ಟಿಕೊಂಡೆ.